ಅತ್ತೆ ಹಿಡಿದ ತಪ್ಪು

ಅತ್ತೆ ಸೊಸೆ ಒಂದೇ ಮನೆಯಲ್ಲಿರುವುದೇ ಕೆಲವರಿಗೆ ಕಷ್ಟ. ನಾವು ಒಂದೇ ಆಫೀಸಿನಲ್ಲೂ ಇದ್ದೇವೆ. ಹನ್ನೆರಡು ವರ್ಷದಿಂದ ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಬರುತ್ತೇವೆ, ಕಿಟಕಿ ಪಕ್ಕದ ಸೀಟು ಯಾವಾಗಲೂ ಅತ್ತೆಗೆ. ಕಣ್ಣು ಕಾಣದವರಿಗೆ ಕಿಟಕಿ ಯಾಕೆ ಎಂದು ಹೊಸದರಲ್ಲಿ ಕೇಳಿ ಚೆನ್ನಾಗಿ ಬೈಸಿಕೊಂಡಿದ್ದೇನೆ. "ಗಾಳಿ ಬರೋದು ಕಣ್ಣಿಗೇನೇ?" ಎಂದಿದ್ದರು.

ನಮ್ಮದು ಬ್ರೈಲ್ ಮುದ್ರಣಾಲಯ. ಬೆರಳಿನಿಂದ ಓದುವ ಉಬ್ಬು ಚುಕ್ಕಿಗಳ ಪುಸ್ತಕಗಳು ಇಲ್ಲಿ ಅಚ್ಚಾಗುತ್ತವೆ. ಅತ್ತೆ ಪ್ರೂಫ್ ನೋಡುವವರು, ಅಂದರೆ ಮುಟ್ಟುವವರು. ಇಪ್ಪತ್ತಾರು ವರ್ಷದಿಂದ ಅವರ ಬೆರಳು ದಾಟದೆ ಒಂದು ಪುಸ್ತಕವೂ ಹೊರಗೆ ಹೋಗಿಲ್ಲ. ನಾನು ಕಂಪ್ಯೂಟರ್ ಕಡೆಯವಳು.

ಯಂತ್ರಕ್ಕೆ ಅಕ್ಷರ ಕಳಿಸುವ ಹಳೆಯ ಪ್ರೋಗ್ರಾಂ ಸಿ ಎಂಬ ಕಂಪ್ಯೂಟರ್ ಭಾಷೆಯದು. ಬರೆದವರು ಕೆಲಸ ಬಿಟ್ಟು ಎಷ್ಟೋ ಕಾಲವಾಗಿತ್ತು, ಅದನ್ನು ಮುಟ್ಟಲು ಎಲ್ಲರಿಗೂ ಹೆದರಿಕೆ. ನಾನು ಟೊಂಕ ಕಟ್ಟಿ ಎಲ್ಲವನ್ನೂ ಹೊಸ ಭಾಷೆಯೊಂದರಲ್ಲಿ ಬರೆದೆ. ಆದರೆ ಯಂತ್ರದ ಬಾಗಿಲು ಕಾಯುವುದು ಕರ್ನಲ್, ಅಂದರೆ ಕಂಪ್ಯೂಟರನ್ನು ಒಳಗಿಂದ ನಡೆಸುವ ಮೂಲ ಪ್ರೋಗ್ರಾಂ. ತೆರೆ, ಬರೆ, ಮುಚ್ಚು ಎಂದು ಅದಕ್ಕೆ ಹೇಳಬೇಕಾದರೆ ಸಿಸ್ಟಂ ಕಾಲ್ ಎಂಬ ಕರೆ ಮಾಡಬೇಕು, ಅದೂ ಸಿ ಭಾಷೆಯ ರೀತಿ ರಿವಾಜಿನಲ್ಲೇ. ಹಾಗಾಗಿ ಅಂಥ ಹನ್ನೊಂದು ಕಾಲ್‌ಗಳಿಗೆ ಹೊಸ ಭಾಷೆಯ ಹೊದಿಕೆ ಹೊಲಿದೆ. ಒಂದೇ ಮಧ್ಯಾಹ್ನದಲ್ಲಿ. ನನ್ನನ್ನು ಬಿಟ್ಟರಿಲ್ಲ ಅನ್ನಿಸಿತ್ತು, ಮುಚ್ಚಿಡುವುದೇಕೆ.

ಎರಡು ವಾರ ಎಲ್ಲ ಸರಿಯಾಗಿತ್ತು. ಆಮೇಲೆ ಮುನ್ನೂರು ಪುಟದ ಭೂಗೋಳದ ಪುಸ್ತಕ ಬಂತು.

"ನಲವತ್ತಮೂರನೇ ಪುಟದಲ್ಲಿ ಅರ್ಧ ಸಾಲು ನುಂಗಿದೆ ಕಣೇ ನಿನ್ನ ಪ್ರೋಗ್ರಾಂ," ಎಂದರು ಅತ್ತೆ, ಎಲ್ಲರೆದುರು.

ನನಗೆ ಮೂಗಿನ ಮೇಲೇ ಕೋಪ. ಪರದೆಯ ಮೇಲೆ ಸಾಲು ಪೂರ್ತಿ ಇತ್ತು. ಆ ಒಂದು ಪುಟವನ್ನು ಮತ್ತೆ ಅಚ್ಚು ಹಾಕಿ ಅವರ ಕೈಗೇ ಕೊಟ್ಟೆ. ಅತ್ತೆ ಎರಡು ಸಲ ಬೆರಳಾಡಿಸಿ, "ಈಗ ಸರಿ ಇದೆ," ಎಂದರು. ಮರುದಿನ ಎಪ್ಪತ್ತೊಂದನೇ ಪುಟ, ಅದರ ಮರುದಿನ ನೂರಾ ಹತ್ತು. ಪ್ರತಿ ಸಲವೂ ಅದೇ ಕಥೆ. ಕೆಟ್ಟ ಹಾಳೆ ರದ್ದಿಗೆ ಹೋಗುತ್ತಿತ್ತು, ಹೊಸ ಹಾಳೆ ಸರಿಯಾಗಿ ಬರುತ್ತಿತ್ತು.

"ಮನೆ ಜಗಳ ಆಫೀಸಿಗೆ ತರಬೇಡಿ," ಎಂದು ಮ್ಯಾನೇಜರ್ ನಕ್ಕರು. ಬ್ರೈಲ್ ಮುದ್ರಣಾಲಯದ ಮ್ಯಾನೇಜರ್ ಆಗಿದ್ದರೂ ಅವರಿಗೆ ಬ್ರೈಲ್ ಒಂದಕ್ಷರ ಬರುವುದಿಲ್ಲ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಗುರುವಾರ ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದರು. "ಅಮ್ಮನಿಗೆ ವಯಸ್ಸಾಯ್ತು, ಬೆರಳು ಮಂದ ಆಗಿರ್ಬೇಕು. ತಿಂಗಳ ಕೊನೆಗೆ ಪ್ರೂಫ್ ಕೆಲಸ ಬೇರೆಯವರಿಗೆ ಕೊಡೋಣ. ನೀವೇ ಮನೇಲಿ ನಿಧಾನವಾಗಿ ಹೇಳಿ."

ಹೇಳಬೇಕಾಗಿ ಬರಲಿಲ್ಲ. ಗೋಡೆಯಾಚೆ ಕೂತಿದ್ದ ಅತ್ತೆಯ ಕಿವಿ ಚುರುಕಾಗಿಯೇ ಇದೆ. ಆ ಸಂಜೆ ಅಡುಗೆಮನೆಗೆ ಹೋದರೆ, ಅವರು ಡಬ್ಬಿಗಳನ್ನೆಲ್ಲ ಸಾಲಾಗಿ ಇಟ್ಟುಕೊಂಡು, ಒಂದೊಂದರ ಮೇಲಿನ ಚುಕ್ಕಿಯ ಚೀಟಿಯನ್ನೂ ಮುಟ್ಟಿ ನೋಡುತ್ತಿದ್ದರು.

"ಇದು ಸಕ್ಕರೆ ತಾನೇ?" ಎಂದು ಕೇಳಿದರು.

ಸಕ್ಕರೆಯೇ. ಆದರೆ ನಾನು ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಅವರು ನನ್ನನ್ನು ಯಾವ ಡಬ್ಬಿಯ ಬಗ್ಗೆಯೂ ಕೇಳಿದವರಲ್ಲ.

ಶನಿವಾರ ರದ್ದಿ ಕಟ್ಟು ಬಿಚ್ಚಿ, ಅತ್ತೆ ತಪ್ಪೆಂದು ಎಸೆದಿದ್ದ ಹಾಳೆಗಳನ್ನು ಹುಡುಕಿ ಮನೆಗೆ ತಂದೆ. ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಹರಡಿದೆ. ನನ್ನ ಗಂಡ ಎರಡು ಲೋಟ ಚಹಾ ಇಟ್ಟು, ತಾಯಿ ಹೆಂಡತಿಯ ನಡುವೆ ಸಿಕ್ಕಿಹಾಕಿಕೊಳ್ಳದ ಜಾಣನಂತೆ ಪಾತ್ರೆ ತೊಳೆಯಲು ಹೊರಟ.

"ಅತ್ತೆ, ನೀವು ಗಟ್ಟಿಯಾಗಿ ಓದಿ. ನಾನು ಪರದೆ ಮೇಲೆ ನೋಡ್ತೀನಿ."

"ನನ್ನ ಬೆರಳಿಗೆ ಪರೀಕ್ಷೆಯಾ?"

"ಅಲ್ಲ. ನನಗೆ."

ಅತ್ತೆ ಓದತೊಡಗಿದರು. "ನದಿಯ ನೀರು ಬೆಟ್ಟದಿಂದ ಇಳಿ... ಉಪ್ಪಾಗಿರುತ್ತದೆ." ಪರದೆಯಲ್ಲಿ ಆ ಎರಡರ ನಡುವೆ ಇಳಿದು, ಹರಿದು, ಸಮುದ್ರ ಸೇರುವ ಕಥೆಯೆಲ್ಲ ಇತ್ತು. ಚುಕ್ಕಿಗಳನ್ನು ನಾನು ಕಣ್ಣಿನಿಂದ ಕೂಡಿಸಿ ಕೂಡಿಸಿ ಓದಬಲ್ಲೆ, ಮಗ್ಗಿ ಕಲಿಯುವವರ ಹಾಗೆ. ಬಗ್ಗಿ ನೋಡಿದೆ. ಹಾಳೆಯ ಮೇಲೆ ಆ ಚುಕ್ಕಿಗಳು ಇರಲೇ ಇಲ್ಲ.

"ನಿಮ್ಮ ಬೆರಳು ಸರಿಯಾಗಿದೆ ಅತ್ತೆ," ಎಂದೆ. ಅವರು ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಹಾಗಾದರೆ ತಪ್ಪು ಇರುವುದು ನನ್ನ ಹೊದಿಕೆಯಲ್ಲೇ. ಬರೆಯುವ ಕಾಲ್ ತೆರೆದು ನೋಡಿದೆ. ಅದಕ್ಕೆ ಸಾವಿರ ಅಕ್ಷರ ಕೊಟ್ಟರೆ ಸಾವಿರವನ್ನೂ ತೆಗೆದುಕೊಳ್ಳಲೇಬೇಕೆಂದಿಲ್ಲ. ಯಂತ್ರ ನಿಧಾನವಾಗಿದ್ದು ಜಾಗ ಕಡಿಮೆಯಿದ್ದರೆ ಒಂಬೈನೂರ ಎಪ್ಪತ್ತು ತೆಗೆದುಕೊಂಡು, "ಒಂಬೈನೂರ ಎಪ್ಪತ್ತು" ಎಂದು ಉತ್ತರ ಕೊಡುತ್ತದೆ. ಉಳಿದದ್ದನ್ನು ನಾವು ಮತ್ತೆ ಕೊಡಬೇಕು. ಏನೂ ಹಿಡಿಸದಿದ್ದರೆ ಮೈನಸ್ ಒಂದು ಎನ್ನುತ್ತದೆ. ನಾನು ಮೈನಸ್ ಒಂದಕ್ಕೆ ಮಾತ್ರ ಕಾದು ಮತ್ತೆ ಕೊಡುವಂತೆ ಬರೆದು, ಬೇರೆ ಯಾವ ಉತ್ತರ ಬಂದರೂ "ಆಯಿತು" ಎಂದು ಮುಂದೆ ಹೋಗಿದ್ದೆ. ಉಳಿದ ಮೂವತ್ತು ಅಕ್ಷರ ನೆಲದ ಪಾಲು. ಒಂದೇ ಪುಟವಾದರೆ ಒಂದೇ ಗುಟುಕಿಗೆ ಹಿಡಿಸುತ್ತಿತ್ತು, ಅದಕ್ಕೇ ಮತ್ತೆ ಹಾಕಿದ ಹಾಳೆ ಸರಿಯಾಗುತ್ತಿತ್ತು.

"ಎಷ್ಟು ತಗೊಂಡೆ ಅಂತ ಅದು ಪ್ರತಿ ಸಲ ಹೇಳಿದೆ ಅತ್ತೆ. ನಾನೇ ಕೇಳಿಸಿಕೊಂಡಿಲ್ಲ."

"ಹೇಳಿದ್ದನ್ನ ಕೇಳದೇ ಇರೋದು ನಿನಗೇನು ಹೊಸದಾ?" ಎಂದರು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತು, ಗಂಡನ ನಗು ಕೇಳಿಸಿತು. ನಾನೂ ನಕ್ಕೆ, ಕಣ್ಣು ತುಂಬಿಕೊಂಡೇ ನಕ್ಕೆ. ನಾಲ್ಕು ಸಾಲು ಸೇರಿಸಿದೆ: ಪೂರ್ತಿ ಮುಗಿಯುವ ತನಕ ಉಳಿದದ್ದನ್ನು ಕೊಡುತ್ತಲೇ ಇರು.

ಸೋಮವಾರ ಎಲ್ಲರೆದುರು ತಪ್ಪು ನನ್ನದೆಂದು ಹೇಳಿದೆ. ಭೂಗೋಳ ಮೊದಲಿನಿಂದ ಅಚ್ಚಾಯಿತು. ಅತ್ತೆ ಮೂರು ದಿನ ಕೂತು ಪುಟ ಪುಟವನ್ನೂ ಓದಿದರು. ಒಂದು ಚುಕ್ಕಿಯೂ ಕಳೆದಿರಲಿಲ್ಲ.

ಮ್ಯಾನೇಜರ್ ಅತ್ತೆಯ ಮೇಜಿನ ಹತ್ತಿರ ಬಂದು ನಿಂತರು. "ತಪ್ಪು ತಿಳ್ಕೊಂಡಿದ್ದೆ, ಮನಸ್ಸಿಗೆ ಹಚ್ಕೋಬೇಡಿ ಅಮ್ಮ. ಪ್ರೂಫ್ ನೀವೇ ನೋಡ್ಬೇಕು." ಆಮೇಲೆ ಕೈಯಲ್ಲಿದ್ದ ಹಾಳೆ ಮುಂದೆ ಮಾಡಿದರು. "ಹೋದ ಶುಕ್ರವಾರ ಇದನ್ನ ನನ್ನ ಮೇಜಿನ ಮೇಲೆ ಇಟ್ಟು ಹೋಗಿದ್ರಿ. ನನಗೆ ಓದೋಕೆ ಬರಲ್ಲ ನೋಡಿ. ಏನಿದು?"

ಅತ್ತೆ ಹಾಳೆಯ ಮೇಲೆ ಬೆರಳಿಟ್ಟರು. ಪಕ್ಕದಲ್ಲಿದ್ದ ನಾನು ಚುಕ್ಕಿ ಕೂಡಿಸಿದೆ. ಎರಡೇ ಸಾಲು. "ನನ್ನ ಬೆರಳನ್ನು ಇನ್ನು ನಾನೇ ನಂಬಲಾರೆ. ದಯವಿಟ್ಟು ಕೆಲಸದಿಂದ ಬಿಡುಗಡೆ ಮಾಡಿ."

"ತಪ್ಪುಗಳ ಪಟ್ಟಿ ಸರ್," ಎಂದರು ಅತ್ತೆ. "ಈಗ ಬೇಕಾಗಿಲ್ಲ."

ಮ್ಯಾನೇಜರ್ ನನ್ನ ಕಡೆ ತಿರುಗಿದರು. "ಹೌದಾ?"

"ಹೌದು ಸರ್," ಎಂದೆ. "ಎಲ್ಲ ನನ್ನವೇ."

ಅತ್ತೆ ಹಾಳೆಯನ್ನು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಚೂರು ಚೂರು ಮಾಡಿ ಬುಟ್ಟಿಗೆ ಹಾಕಿದೆ, ಅವರು ಮುಂದಿನ ಪುಸ್ತಕ ಎಲ್ಲಿ ಎಂದು ಕೇಳಿದರು.