ದಿಬ್ಬದ ಮೇಲೊಂದು ಮಗ್ಗ

ಎರಡನೆಯ ಕುಣಿಯಲ್ಲೂ ನೀರು ಬಂತು. ಮೊಣಕಾಲುದ್ದ ಅಗೆಯುವಷ್ಟರಲ್ಲಿ ಮರಳು ಕಪ್ಪಾಯಿತು, ಆಮೇಲೆ ಮೆಲ್ಲಗೆ ಮಿನುಗತೊಡಗಿತು. ನವಾಜ ಸಲಿಕೆ ಊರಿ ನಿಂತ. ಹೆಂಡತಿಯ ಕಡೆ ನೋಡಲಿಲ್ಲ.

ಅಫ್ರೀನ ಬೆಟಗೇರಿಯ ನೇಕಾರರ ಮಗಳು. ತುಂಗಭದ್ರೆಯ ನಡುವಿನ ಕರಿಗಡ್ಡಿಗೆ, ಇಪ್ಪತ್ತೆರಡು ಮನೆಗಳ ಆ ನಡುಗಡ್ಡೆಗೆ, ಸೊಸೆಯಾಗಿ ಬಂದು ನಾಲ್ಕು ತಿಂಗಳಾಗಿತ್ತು. ಮದುವೆಗೆ ಮುಂಚೆ ಅವಳು ಕೇಳಿದ್ದು ಒಂದೇ, ಅಪ್ಪನ ಕುಣಿಮಗ್ಗ ತನ್ನ ಬೆನ್ನಿಗೆ ಬರಬೇಕು. ಹೊಳೆ ಇಳಿದ ಮೇಲೆ ಇವತ್ತು ಮುಂಜಾನೆ ಅಣ್ಣ ತನ್ವೀರ ಅದನ್ನು ಬಿಚ್ಚಿ ಎರಡು ಹರಗೋಲಿನಲ್ಲಿ ತಂದಿದ್ದ. ಕಾಲು ಇಳಿಬಿಟ್ಟು ಕೂರಲು ಕುಣಿಯಿಲ್ಲದಿದ್ದರೆ ಅದು ಬರೀ ಕಟ್ಟಿಗೆ.

"ತಂಗಿ, ಹರಗೋಲು ಇನ್ನೂ ದಂಡಿಗೇ ಅದಾವು," ಎಂದ ತನ್ವೀರ. "ಮಗ್ಗದ ಜೋಡಿ ನೀನೂ ನಡಿ. ಅಲ್ಲೇ ನೇಯಿ. ಬ್ಯಾಸಗ್ಯಾಗ ಇಲ್ಲಿಗೆ ಬಂದು ಹೋಗು."

ಅವಳು ಕುಣಿಯ ನೀರನ್ನೇ ನೋಡಿದಳು. ಸುತ್ತಲೂ ನೀರಿನ ಸಪ್ಪಳ ಕೇಳುತ್ತ ಮಲಗಿದ ಆ ನಾಲ್ಕು ತಿಂಗಳು, ನಿದ್ದೆಯಲ್ಲಿ ಅವಳ ಕಾಲುಗಳು ಮಗ್ಗ ತುಳಿಯುತ್ತಿದ್ದವು. ಎಚ್ಚರಾದಾಗ ಪಕ್ಕದಲ್ಲಿ ಅತ್ತೆ ಹಾಜಿರಾಬಿ ಏನಾದರೊಂದು ಹೇಳುತ್ತಿದ್ದಳು. ಅತ್ತೆಗೆ ವರ್ಷಗಳ ಅಂಕಿ ಗೊತ್ತಿರಲಿಲ್ಲ, ನಡೆದದ್ದರ ಮೇಲೆ ಲೆಕ್ಕ. ಎಮ್ಮೆ ಕರುವಿನ ಸಮೇತ ತೇಲಿಬಂದ ವರ್ಷ. ಮೊದಲ ಸೈಕಲ್ಲು ಹರಗೋಲು ಹತ್ತಿದ ವರ್ಷ. "ಹ್ವಾದ ವರ್ಷ ನೋಡು, ಧಾರವಾಡ ಜಿಲ್ಲಾದಾಗ ಮಲಗಿದ್ವಿ, ಗದಗ ಜಿಲ್ಲಾದಾಗ ಎದ್ವಿ." ಎಲ್ಲಕ್ಕಿಂತ ಹಿಂದೆ, ದೊಡ್ಡ ಹೊಳೆ ಬಂದ ವರ್ಷ. ಆಗ ಊರಿಗೆ ಊರೇ ಮೂರು ದಿನ ನಡುಗಡ್ಡೆಯ ನೆತ್ತಿಯ ದಿಬ್ಬದ ಮೇಲೆ ಕೂತಿತ್ತಂತೆ. ಈಗ ಊರಿನ ಮುಖಂಡನಾಗಿರುವ ಲಕ್ಕಪ್ಪ ಹುಟ್ಟಿದ್ದು ಅಲ್ಲೇ, ಹಾಜಿರಾಬಿ ಆಗ ಸಣ್ಣ ಹುಡುಗಿ.

ಆ ಲಕ್ಕಪ್ಪನೇ ಈಗ ಕುಣಿ ನೋಡಲು ಬಂದಿದ್ದ. ಅಫ್ರೀನ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಕಾಕಾ, ದಿಬ್ಬದ ಮ್ಯಾಲ ಅಗೀಲೇನ್ರಿ?"

ನವಾಜ ಬೆಚ್ಚಿ ತಲೆ ಎತ್ತಿದ. ಲಕ್ಕಪ್ಪ ದಿಬ್ಬದ ಕಡೆ ತಿರುಗಿ ನೋಡಿದ.

"ಅಲ್ಲಿ ಯಾರೂ ಒಂದು ಗೂಟಾನೂ ಬಡದಿಲ್ಲವ್ವಾ. ನಾಳೆ ಹೊಳಿ ಬಂದ್ರ ಮಂದಿ ಎಲ್ಲಿ ಕುಂಡ್ರಬೇಕು?"

"ಮಗ್ಗದ ಸುತ್ತ ಕುಂಡ್ರಿ. ಬಾಣಂತಿ ಇದ್ರ ನಾ ನೇಯ್ದಿದ್ದು ಹೊದಸ್ತೀನಿ."

ಹೊಸ್ತಿಲಲ್ಲಿ ಕೂತಿದ್ದ ಹಾಜಿರಾಬಿ ನಕ್ಕಳು. "ನಿನ್ನ ಹೊದಸಾಕ ಅವತ್ತು ಗೋಣಿಚೀಲ ಬಿಟ್ರ ಏನೂ ಇರಲಿಲ್ಲಲೇ ಲಕ್ಕ್ಯಾ. ನಾನ ಹಿಂಡಿ ಕೊಟ್ಟಿದ್ದೆ."

ಲಕ್ಕಪ್ಪನ ಮುಖ ಚಿಕ್ಕ ಹುಡುಗನದಾಯಿತು. ನವಾಜನ ಕೈಯಿಂದ ಸಲಿಕೆ ತಗೊಂಡು ದಿಬ್ಬದ ಕಡೆ ನಡೆದ.

ಟೊಂಕದುದ್ದ ಅಗೆದರೂ ಮರಳು ಒಣಗೇ ಇತ್ತು. ನೆರೆಮನೆಯವರು ಒಬ್ಬೊಬ್ಬರಾಗಿ ಬಂದು, ಯಾರೂ ಕರೆಯದಿದ್ದರೂ, ಮಗ್ಗದ ಕಟ್ಟಿಗೆಗಳನ್ನು ಹೊತ್ತು ಮೇಲೇರಿದರು. ತನ್ವೀರ ಖಾಲಿ ಹರಗೋಲು ಹತ್ತುವಾಗ ತಂಗಿಯನ್ನು ಕೂಗಲಿಲ್ಲ, ಕೈ ಎತ್ತಿದ ಅಷ್ಟೆ.

ಬಿಸಿಲು ಇಳಿಯುತ್ತಿತ್ತು. ಅಫ್ರೀನ ಕುಣಿಯ ಅಂಚಿಗೆ ಕೂತು ಕಾಲು ಇಳಿಬಿಟ್ಟಳು. ತಳದ ಮರಳು ಅಂಗಾಲಿಗೆ ತಣ್ಣಗೆ ತಾಗಿತು. ಅವಳು ಕಣ್ಣು ಮುಚ್ಚಿ, ಅಲುಗದೆ ಕೂತಳು. ಅಂಗಾಲ ಕೆಳಗೆ, ಎಷ್ಟೋ ಆಳದಲ್ಲಿ, ಹೊಳೆ ಹೋಗುತ್ತಿತ್ತು.