ಎದುರು ಆಲೆಮನೆಯ ಬಿಸಿ ಬೆಲ್ಲ

ಚುಂಚನಕಟ್ಟೆ ರಸ್ತೆಯಲ್ಲಿ ಎರಡು ಆಲೆಮನೆಗಳು ಎದುರುಬದುರಾಗಿದ್ದವು. ಒಂದು ಸಣ್ಣಬೀರಯ್ಯನದು, ಇನ್ನೊಂದು ನೀಲಾಂಬಿಕೆಯದು. ಆ ವರ್ಷ ಕಬ್ಬಿನ ಗಾಡಿಗಳೆಲ್ಲ ಅವಳ ಅಂಗಳದಲ್ಲೇ ಸಾಲುಗಟ್ಟುತ್ತಿದ್ದವು. ಗಾಣದಿಂದ ಬಂದ ಸಿಪ್ಪೆಯನ್ನು ಅವಳು ಬಿಸಿಲಿಗೆ ಹರಡಿ, ಗರಿಗರಿ ಒಣಗಿಸಿ, ಸೂರಿನಡಿ ಒಟ್ಟಿ ಒಲೆಗೆ ಹಾಕುತ್ತಿದ್ದಳು. ಅಕಾಲದ ಮಳೆ ಬಂದಾಗಲೂ ಅವಳ ಒಲೆ ಧಗಧಗ ಉರಿಯಿತು. ಬಯಲಲ್ಲಿ ನೆನೆದ ಸಣ್ಣಬೀರಯ್ಯನ ಸಿಪ್ಪೆ ಬರೀ ಹೊಗೆಯಾಡಿತು. ಅವಳ ಹೊಂಬಣ್ಣದ ಬೆಲ್ಲದ ಅಚ್ಚುಗಳನ್ನು ಕಂಡಾಗಲೆಲ್ಲ ಅವನಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಅವಳಿಗಿಂತ ಜೋರಾಗಿ ಕಾಣಬೇಕೆಂದು ಬೆಲ್ಲಕ್ಕೆ ಲೇಬಲ್ ಮಾಡಿಸಲು ಕೆ.ಆರ್. ನಗರದ ಪ್ರೆಸ್ಸಿಗೆ ಹೋದ. ಪ್ರೆಸ್ಸಿನ ಮಹೇಶ್‌ಕುಮಾರ್ ಮಾತಿನ ಮಲ್ಲ.

"ಯೂರೋಪಿನಲ್ಲಿ ಕಾಗದದ ಕಾರ್ಖಾನೆಯೋರು, ಪ್ರಿಂಟಿಂಗಿನೋರು ಕಸ ಸುಮ್ನೆ ಎಸೆಯಲ್ಲ ಕಣ್ರೀ. ಉರ್ಸಿ ಉಗಿ, ಕರೆಂಟು ತಗೀತಾರಂತೆ. ಆದ್ರೆ ಅವ್ರುದು ಮುಚ್ಚಿದ ಬಾಯ್ಲರು. ಹೊಗೆ ಸೋಸೇ ಬುಡೋದು."

ಹೊಟ್ಟೆ ಉರಿಯುವವನಿಗೆ ಬೇಕಾದಷ್ಟೇ ಕೇಳಿಸುತ್ತದೆ. ಸಣ್ಣಬೀರಯ್ಯನಿಗೆ ಮೊದಲರ್ಧ ಸಾಕಾಯಿತು. ಸಿಪ್ಪೆ ಮುಚ್ಚಲು ಬೇಕೆಂದು ಸುಳ್ಳು ಹೇಳಿ, ಪ್ಲಾಸ್ಟಿಕ್ ಅಂಟಿಸಿದ ರದ್ದಿ ಹಾಳೆಗಳನ್ನು ಗಾಡಿ ತುಂಬ ಹೇರಿಕೊಂಡು ಬಂದ.

ಒಲೆ ಭುಗಿಲೆಂದಿತು. ಕೊಪ್ಪರಿಗೆ ಕೊತಕೊತ ಕುದಿಯಿತು. ಕಪ್ಪು ಹೊಗೆ ರಸ್ತೆ ದಾಟಿ ಎದುರು ಅಂಗಳಕ್ಕೆ ನುಗ್ಗಿದಾಗ ಅವನಿಗೆ ಒಳಗೊಳಗೇ ಖುಷಿ.

ನೀಲಾಂಬಿಕೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದಳು. "ಏನ್ ಸುಡ್ತಾ ಇದ್ದೀರಿ ಬೀರಣ್ಣ? ನಿಮ್ಮ ಕೊಪ್ಪರಿಗೆ ತುಂಬ ಬೂದಿ ಬೀಳ್ತಾ ಐತೆ ನೋಡ್ರಿ."

"ನನ್ನ ಒಲೆ, ನನ್ನ ಇಷ್ಟ. ಫಾರಿನ್ನಲ್ಲೂ ಹಿಂಗೇ ಮಾಡೋದು. ನಿಮಗ್ಯಾಕೆ ಒಟ್ಟೆಉರಿ?"

"ನನಗಲ್ಲ ಬುಡಿ" ಎಂದು ಅವಳು ಹಿಂದಿರುಗಿದಳು.

ಸಂಜೆ ಸಣ್ಣಬೀರಯ್ಯನ ಮಗಳು ಸುಕನ್ಯ ಆಲೆಮನೆಗೆ ಬಂದಳು. ಚೊಚ್ಚಲ ಬಸುರಿ, ತವರಿಗೆ ಬಂದು ವಾರವಾಗಿತ್ತು. ಕೈಯಲ್ಲಿ ಬಾಳೆಎಲೆ ಚೂರು.

"ಅಪ್ಪ, ಬಿಸಿ ಬೆಲ್ಲ ತಿನ್ನಂಗಾಗೈತೆ. ಒಂಚೂರು ಕೊಡಪ್ಪ."

ಆಲೆಮನೆಗೆ ಬಂದವರನ್ನು, ದಾರಿಹೋಕರೇ ಆಗಲಿ, ಬರಿಗೈಲಿ ಕಳಿಸುವ ಪದ್ಧತಿಯಿಲ್ಲ. ಇವಳಂತೂ ಬಸುರಿ ಮಗಳು. ಸಣ್ಣಬೀರಯ್ಯ ಸೌಟು ಎತ್ತಿದ. ಪಾಕದ ಮೇಲೆ ಕರಿಬೂದಿಯ ಚಕ್ಕೆಗಳು ತೇಲುತ್ತಿದ್ದವು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಹೊಡೆಯಿತು. ಊರವರಿಗೆ ಮಾರಲು ಅಂಜದ ಕೈ ಈಗ ಮುಂದೆ ಬರಲಿಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಇದು ಬ್ಯಾಡ ಕಣವ್ವ, ಇರು" ಎಂದವನೇ ಎಲೆ ಇಸಿದುಕೊಂಡು ರಸ್ತೆ ದಾಟಿದ. ಆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅವನ ಜೀವ ಹಿಡಿಯಷ್ಟಾಗಿತ್ತು.

"ಮಗಳು ಬಿಸಿ ಬೆಲ್ಲ ಕೇಳ್ತಾವ್ಳೆ ನೀಲಾಂಬಿಕವ್ವ. ನಂದು ಕೊಡಂಗಿಲ್ಲ."

ಅವಳು ಯಾಕೆಂದು ಕೇಳಲಿಲ್ಲ. ಎಲೆ ತುಂಬ ಬೆಲ್ಲ ಹಾಕಿದಳು. "ಒಣ ಸಿಪ್ಪೆ ಬೇಕಾದ್ರೆ ನನ್ನ ಬಣವೇಲೈತೆ, ತಗೊಂಡೋಗಿ."

ಅವನು ಆಗಲೆಂದು ತಲೆ ಆಡಿಸಿ, ಎಲೆ ಹಿಡಿದು ರಸ್ತೆ ದಾಟಿ ಮಗಳ ಬಳಿ ಬಂದ.

ಸುಕನ್ಯ ಬೆರಳು ಚೀಪಿದಳು. "ಬಲೇ ಚೆನ್ನಾಗೈತೆ ಅಪ್ಪ, ನೀಲಾಂಬಿಕವ್ವಂದು."

ಸಣ್ಣಬೀರಯ್ಯನಿಗೆ ಚುರುಕ್ ಎಂದಿತು. ಅಸೂಯೆ ಅಷ್ಟು ಸುಲಭಕ್ಕೆ ಹೋಗುವ ನೆಂಟನಲ್ಲ.

"ಊಂ ಕಣವ್ವ, ಚೆನ್ನಾಗೈತೆ" ಎಂದ. ಆಮೇಲೆ ಒಲೆಗೆ ನೀರು ಸುರಿದು, ಅಂದು ಹೊಯ್ದ ಅಚ್ಚುಗಳನ್ನೆಲ್ಲ ಒಂದೊಂದಾಗಿ ಹೊತ್ತು ತಂದು ತಿಪ್ಪೆಗುಂಡಿಗೆ ಹಾಕತೊಡಗಿದ.