ಅರವತ್ತು ಕಿಲೋದ ತಂಡ

ನನ್ನ ಮಗ ರೂಪೇಶ ತೀರಿಕೊಂಡು ಹನ್ನೊಂದು ತಿಂಗಳು ಕಳೆದಿತ್ತು. ಎರಡು ಸಾವಿರದ ಒಂದನೆಯ ಇಸವಿಯ ಅಕ್ಟೋಬರಿನ ಒಂದು ಭಾನುವಾರ ಸ್ಟ್ಯಾನಿಸ್ಲಾಸರು ಕಾಪುವಿನ ನಮ್ಮ ಮನೆಗೆ ಬಂದು ಜಗಲಿಯಲ್ಲಿ ಕುಳಿತರು. ಊರವರ ಬಾಯಲ್ಲಿ ಅವರು ಪೊರ್ಬುಗಳು; ಕ್ರೈಸ್ತರನ್ನು ನಮ್ಮ ಕಡೆ ಹಾಗೆ ಕರೆಯುತ್ತಾರೆ. ಮೀನಿನ ಬೋಟುಗಳಿಗೆ ಮಂಜುಗಡ್ಡೆ ಮಾರುವುದು ಅವರ ವ್ಯಾಪಾರ. ಕಬಡ್ಡಿ ಅವರ ಹುಚ್ಚು. ಅವರು ಒಂದು ತಂಡವನ್ನು ಸಾಕಿದ್ದರು. ಹನ್ನೆರಡು ಆಟಗಾರರಿಗೆ ಐಸ್ ಪ್ಲಾಂಟಿನಲ್ಲಿ ಕೆಲಸವೆಂಬ ಹೆಸರು, ತಿಂಗಳ ಸಂಬಳ. ನಿಜವಾದ ಕೆಲಸವೆಂದರೆ ದೀಪಾವಳಿಯಿಂದ ಮೇ ತಿಂಗಳವರೆಗೆ ಊರೂರು ತಿರುಗಿ ಪಂದ್ಯ ಆಡುವುದು. ಆ ತಂಡವನ್ನು ಹತ್ತು ವರ್ಷ ನೋಡಿಕೊಂಡವನು ನಾನು. ಮಗ ಹೋದ ಮೇಲೆ ಅಂಕಣದ ಕಡೆ ಕಾಲಿಟ್ಟಿರಲಿಲ್ಲ.

“ಚೆನ್ನಪ್ಪಣ್ಣ, ದೀಪಾವಳಿ ಕಳೆದ ಕೂಡಲೆ ಕಾರ್ಕಳದಲ್ಲಿ ಮೊದಲ ಪಂದ್ಯಾಟ ಉಂಟು. ಶನಿವಾರದೊಳಗೆ ಹೆಸರು, ತೂಕ ಬರೆದು ಕೊಡಬೇಕು. ನೀವು ಒಮ್ಮೆ ಬಂದು ನೋಡಿ. ಯಾರಿದ್ದಾರೆ, ಯಾರ ಹಿಂದೆ ಯಾರಿದ್ದಾರೆ ಎಂದು ನನಗೆ ತಿಳಿಯುವುದಿಲ್ಲ.”

“ಬೇರೆ ಯಾರಾದರೂ ನೋಡಲಿ ಪೊರ್ಬುಗಳೇ.”

“ಬೇರೆ ಯಾರು ಮಾರಾಯ್ರೆ? ತಂಡದಲ್ಲಿ ಹಳಬನೆಂದು ವಿಠಲನಿಗೆ ಬಿಟ್ಟರೆ ಅವನ ಭಾವಂದಿರು ಏಳು ಜನವೂ ಅಂಕಣದಲ್ಲಿ ಇರುತ್ತಾರೆ.”

ಒಳಗಿನಿಂದ ನನ್ನ ಹೆಂಡತಿ ಸರಸ ಹೇಳಿದಳು: “ಹೋಗಿ ಬನ್ನಿ. ಮನೆಯಲ್ಲಿ ಕುಳಿತು ಎಂತ ಮಾಡುತ್ತೀರಿ?”

ಮಾರನೆಯ ದಿನ ಸಂಜೆ ಹೋದೆ. ಪ್ಲಾಂಟಿನ ಹಿಂದಿನ ಹೊಯ್ಗೆಯ ಬಯಲಿನಲ್ಲಿ ಹುಡುಗರು ಆಡುತ್ತಿದ್ದರು. ನನ್ನನ್ನು ಕಂಡು ಆಟ ನಿಲ್ಲಿಸಿದರು. ಯಾರೂ ರೂಪೇಶನ ಮಾತೆತ್ತಲಿಲ್ಲ. ವಿಠಲ ಮಾತ್ರ ಒಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟು, ಅದರ ಮೇಲಿನ ಧೂಳನ್ನು ತನ್ನ ಅಂಗಿಯಿಂದಲೇ ಒರಸಿದ.

ತಂಡವನ್ನು ನೋಡುವುದೆಂದರೆ ಚೆನ್ನಾಗಿ ಆಡುವ ಏಳು ಮಂದಿಯನ್ನು ಆರಿಸುವುದಲ್ಲ. ಅದನ್ನು ಗ್ಯಾಲರಿಯಲ್ಲಿ ಕುಳಿತವರೂ ಮಾಡುತ್ತಾರೆ. ಆರು ತಿಂಗಳ ಆಟದಲ್ಲಿ ಒಬ್ಬನ ಕಾಲು ಉಳುಕುತ್ತದೆ, ಒಬ್ಬನ ಮನೆಯಲ್ಲಿ ಮದುವೆ ಬರುತ್ತದೆ, ಒಬ್ಬನನ್ನು ಮಾವ ಮುಂಬೈಗೆ ಕರೆಸಿಕೊಳ್ಳುತ್ತಾನೆ. ಆ ದಿನ ಅವನ ಜಾಗದಲ್ಲಿ ನಿಲ್ಲಲು ಯಾರಿದ್ದಾರೆ ಎಂಬುದನ್ನು ಈಗಲೇ ನೋಡಿ ಇಟ್ಟುಕೊಳ್ಳಬೇಕು. ನಾನು ಪುಸ್ತಕದಲ್ಲಿ ಎಡಗಡೆ ಒಂದು ಹೆಸರು ಬರೆದು, ಬಲಗಡೆ ಅವನ ಹಿಂದಿನವನ ಹೆಸರು ಬರೆಯುವವನು.

ಹಿಡಿಯುವವರಲ್ಲಿ ಕೊರತೆ ಇರಲಿಲ್ಲ. ಎಡಮೂಲೆಗೆ ವಿಠಲ, ಮೂವತ್ತು ದಾಟಿದ್ದರೂ ಕಾಲು ಹಿಡಿದರೆ ಬಿಡುವವನಲ್ಲ. ಅವನ ಹಿಂದೆ ಕೆಮ್ಮಣ್ಣಿನಿಂದ ಬಂದ ಇಬ್ಬರು ಅಣ್ಣತಮ್ಮಂದಿರು. ಬಲಮೂಲೆಗೆ ಮೂವರು, ನಡುವಿಗೆ ಐವರು. ದಾಳಿ ಮಾಡುವವರ ಹಾಳೆಗೆ ಬಂದಾಗ ಎಡಗಡೆ ಒಂದೇ ಹೆಸರು ಬಂತು. ಬಲಗಡೆ ಖಾಲಿ.

ಆ ಹೆಸರು ಹನುಮೇಶನದು. ಕೊಪ್ಪಳದ ಕಡೆಯ ಹುಡುಗ, ಇಪ್ಪತ್ತೆರಡು ವರ್ಷ. ಮಣಿಪಾಲದಲ್ಲಿ ಹಾಸ್ಟೆಲುಗಳ ಕಟ್ಟಡ ಕೆಲಸಕ್ಕೆ ತಾಯಿಯ ಜೊತೆ ಬಂದವನು. ಮಣ್ಣಿನ ರಾಶಿಯ ಪಕ್ಕ ಕೂಲಿಯವರೊಡನೆ ಆಡುತ್ತಿದ್ದಾಗ ನಮ್ಮವರು ಯಾರೋ ನೋಡಿ ಕರೆತಂದಿದ್ದರು. ಅವನು ಗೆರೆ ದಾಟಿ ಹೋಗುವ ರೀತಿ ಕಂಡು ರೂಪೇಶನೇ ಕಣ್ಣ ಮುಂದೆ ಬಂದಂತಾಯಿತು. ಅವಸರವಿಲ್ಲ, ಅಬ್ಬರವಿಲ್ಲ, ಬಾಯಲ್ಲಿ ಸಣ್ಣ ದನಿಯ ಕಬಡ್ಡಿ, ತಿರುಗುವಾಗ ಮಾತ್ರ ಮಿಂಚು.

“ಹೇಗುಂಟು?” ಎಂದರು ಸ್ಟ್ಯಾನಿಸ್ಲಾಸರು.

“ಒಳ್ಳೆಯ ಆಟಗಾರ. ತೂಕ ಎಷ್ಟು?”

ಮೀನಿನ ಪೆಟ್ಟಿಗೆ ತೂಗುವ ಕಾಟದ ಮೇಲೆ ನಿಲ್ಲಿಸಿದೆವು. ಅರವತ್ತಮೂರೂವರೆ.

ನಮ್ಮದು ಅರವತ್ತು ಕಿಲೋದ ತಂಡ. ನಮ್ಮ ಕಡೆ ಪಂದ್ಯಾಟಗಳಿಗೆ ತೂಕದ ಮಿತಿ ಇರುತ್ತದೆ. ಅಂಕಣಕ್ಕೆ ಇಳಿಯುವ ಮೊದಲು ಪ್ರತಿಯೊಬ್ಬನೂ ತಕ್ಕಡಿ ಹತ್ತಬೇಕು. ಮುಳ್ಳು ಅರವತ್ತು ದಾಟಿದರೆ ಹೊರಗೆ. ಹಾಗಾಗಿ ಪಂದ್ಯದ ಹಿಂದಿನ ದಿನಗಳಲ್ಲಿ ಹುಡುಗರು ಊಟ ಬಿಡುತ್ತಾರೆ, ರೈನ್‌ಕೋಟು ಹಾಕಿಕೊಂಡು ಬಿಸಿಲಿನಲ್ಲಿ ಓಡುತ್ತಾರೆ, ನೀರನ್ನು ಕುಡಿಯದೆ ಬಾಯಿ ಮುಕ್ಕಳಿಸಿ ಉಗುಳುತ್ತಾರೆ. ಇದು ತಪ್ಪೆಂದು ಯಾರಿಗೂ ಅನಿಸುವುದಿಲ್ಲ. ನನಗೂ ಅನಿಸಿರಲಿಲ್ಲ.

“ಮೂರೂವರಿ ಕಿಲೋ ಏನ್ ದೊಡ್ಡದ್ರಿ ಅಜ್ಜಾರ?” ಎಂದು ಹನುಮೇಶ ನಕ್ಕ. “ನಾಕ್ ದಿನ ಕೊಡ್ರಿ, ಇಳಿಸ್ತೀನಿ.”

“ಇವನು ಮೀನೇ ತಿನ್ನುವುದಿಲ್ಲ, ಇನ್ನು ಊಟವೂ ಬಿಟ್ಟರೆ ಗಾಳಿ ಕುಡಿದು ಆಡುತ್ತಾನೆ,” ಎಂದ ವಿಠಲ. ಎಲ್ಲರೂ ನಕ್ಕರು. ನಾನು ಪುಸ್ತಕ ಮುಚ್ಚಿಕೊಂಡು ಮನೆಗೆ ಬಂದೆ.

ಹಿಂದಿನ ವರ್ಷ ಆ ಎಡಗಡೆಯ ಹೆಸರು ರೂಪೇಶನದಾಗಿತ್ತು. ಬಲಗಡೆ ಆಗಲೂ ಖಾಲಿ. ಯಾರೂ ಸಿಗದೆ ಖಾಲಿ ಇದ್ದದ್ದಲ್ಲ. ಹಿರಿಯಡ್ಕದ ಒಬ್ಬ ಒಳ್ಳೆಯ ಹುಡುಗ ನಮ್ಮಲ್ಲಿದ್ದ. ರೂಪೇಶನಷ್ಟೇ ಅಂಕ ತರುತ್ತಿದ್ದ. ಅವನಿಗೆ ಬೇರೆ ತಂಡದಿಂದ ಕರೆ ಬಂದಾಗ ನಾನು ತಡೆಯಲಿಲ್ಲ. ಮಗನ ಆಟಕ್ಕೆ ಮನೆಯಲ್ಲೇ ಪೈಪೋಟಿ ಯಾಕೆ ಎಂದುಕೊಂಡೆ. ತಂದೆಯ ಮನಸ್ಸು ಮಾಡಿದ ಆಯ್ಕೆ ಅದು.

ರೂಪೇಶನ ತೂಕ ಯಾವಾಗಲೂ ಅರವತ್ತೊಂದೂವರೆ, ಅರವತ್ತೆರಡು. ಆ ನವೆಂಬರಿನಲ್ಲಿ ಅವನು ಕೆಮ್ಮಣ್ಣಿನ ಸೋದರಮಾವನ ಗದ್ದೆಯ ಕೊಯ್ಲಿಗೆ ಹೋಗಿ ನಾಲ್ಕು ದಿನ ಕೆಸರಿನಲ್ಲಿ ನಿಂತು ಬಂದ. ಆಮೇಲೆ ಮೈ ಬಿಸಿಯಾಯಿತು. “ಅಮ್ಮನಿಗೆ ಹೇಳಬೇಡಿ, ಆಡಲು ಬಿಡಲಿಕ್ಕಿಲ್ಲ,” ಎಂದ. ನಾನು ಮಾತ್ರೆ ತಂದುಕೊಟ್ಟೆ. ಜ್ವರ ಬಂದ ಎರಡನೆಯ ದಿನ ಹಿರಿಯಡ್ಕದಲ್ಲಿ ಪಂದ್ಯ. ತಕ್ಕಡಿ ಹತ್ತಿದ. ಮುಳ್ಳು ಐವತ್ತೆಂಟೂವರೆಗೆ ನಿಂತಿತು. ತೂಗುವವರು ತಮಾಷೆ ಮಾಡಿದರು: “ಎಂತ ರೂಪೇಶ, ಹೆಂಡತಿ ಬರುವ ಮೊದಲೇ ಬಡವಾದೆ?” ನಾನೂ ನಕ್ಕೆ. ನಕ್ಕದ್ದಷ್ಟೇ ಅಲ್ಲ, ಜ್ವರ ಬಂದದ್ದು ಒಳ್ಳೆಯದೇ ಆಯಿತು ಎಂದುಕೊಂಡು, ಅಲ್ಲಿಯೇ ನಿಂತು ನಮ್ಮೂರಿನ ಜನಾರ್ದನ ಸ್ವಾಮಿಗೆ ಕೈ ಮುಗಿದೆ.

ಅವನು ಆಡಿದ. ಗೆದ್ದೆವು. ಬಸ್ಸಿನಲ್ಲಿ ನನ್ನ ಹೆಗಲಿಗೆ ತಲೆ ಇಟ್ಟು ಮಲಗಿದ. ಅಂಗಿಯ ಮೂಲಕ ಆ ಬಿಸಿ ತಾಗುತ್ತಿತ್ತು. ಎರಡು ದಿನ ಕಳೆದು ಕಣ್ಣು ಹಳದಿಯಾದಾಗ ಮಣಿಪಾಲಕ್ಕೆ ಒಯ್ದೆವು. ಇಲಿಜ್ವರ ಎಂದರು. ಎಷ್ಟು ದಿನದಿಂದ ಜ್ವರ ಎಂದು ಡಾಕ್ಟರು ಕೇಳಿದರು. “ಎರಡು ದಿನ,” ಎಂದಳು ಸರಸ. ನನಗೆ ನಾಲ್ಕೆಂದು ಗೊತ್ತಿತ್ತು, ಬಾಯಿ ಬರಲಿಲ್ಲ. ಅವರು ಮಾಡಬೇಕಾದದ್ದನ್ನೆಲ್ಲ ಮಾಡಿದರು. ಒಂಬತ್ತನೆಯ ದಿನ ನಾವು ಅವನನ್ನು ಮನೆಗೆ ತಂದೆವು.

ಆ ಮೇಲೆ ನಾನು ದಿನವೂ ದೇವಸ್ಥಾನಕ್ಕೆ ಹೋಗುತ್ತಿದ್ದೆ. ತೀರ್ಥಕ್ಕೆ ಕೈ ಒಡ್ಡುತ್ತಿದ್ದೆ. ಆದರೆ ಕ್ಷಮಿಸು ಎನ್ನಲು ನಾಲಿಗೆ ಹೊರಳುತ್ತಿರಲಿಲ್ಲ. ಸರಸಳಿಗೆ ಹೇಳದ ಮಾತನ್ನು ದೇವರಿಗೆ ಹೇಳುವುದು ಹೇಗೆ?

ಗುರುವಾರ ಮತ್ತೆ ಬಯಲಿಗೆ ಹೋದೆ. ಹನುಮೇಶ ಕಾಟದ ಮೇಲೆ ನಿಂತಿದ್ದ. ಅರವತ್ತೊಂದು. ಹುಡುಗರು ಚಪ್ಪಾಳೆ ತಟ್ಟಿದರು. ಅವನ ತುಟಿ ಒಡೆದಿತ್ತು, ಕಣ್ಣು ಒಳಗೆ ಹೋಗಿತ್ತು. ಕೆಳಗಿಳಿಯುವಾಗ ಕಾಟದ ಕಂಬಿಯನ್ನು ಹಿಡಿದುಕೊಂಡ.

“ಇನ್ನೊಂದೇ ಕಿಲೋ ಚೆನ್ನಪ್ಪಣ್ಣ!” ಎಂದರು ಸ್ಟ್ಯಾನಿಸ್ಲಾಸರು.

ನಾನು ಪುಸ್ತಕ ತೆರೆದು ಆ ಒಂದು ಹೆಸರಿನ ಮೇಲೆ ಗೆರೆ ಎಳೆದೆ. “ಇವನು ಬೇಡ. ಈ ತೂಕಕ್ಕೆ ಇವನು ಆಗುವುದಿಲ್ಲ.”

“ಇವನು ಬಿಟ್ಟರೆ ದಾಳಿಗೆ ಯಾರು?”

“ಯಾರೂ ಇಲ್ಲ. ವಿಠಲ ಹೋಗಲಿ.”

“ನಾನಾ? ನಾನು ಹೋದರೆ ವಾಪಸು ಬರುವುದು ಆಟೋದಲ್ಲಿ,” ಎಂದ ವಿಠಲ. ಈ ಸಲ ಯಾರೂ ನಗಲಿಲ್ಲ. ಸ್ಟ್ಯಾನಿಸ್ಲಾಸರ ಮುಖ ಬಿಗಿಯಾಯಿತು. ನಾನು ಕಾರಣ ಹೇಳದೆ ಹೊರಟುಬಂದೆ.

ಮನೆಯ ಅಂಗಳ ಮುಟ್ಟುವ ಹೊತ್ತಿಗೆ ಹಿಂದಿನಿಂದ ಹನುಮೇಶ ಬಂದ. ನಡೆದು ಬಂದಿದ್ದರೂ ಏದುಸಿರು ಬಿಡುತ್ತಿದ್ದ.

“ಅಜ್ಜಾರ, ನಾ ಏನ್ ತಪ್ಪ ಮಾಡೀನ್ರಿ?”

“ನಿನ್ನ ತಪ್ಪು ಏನೂ ಇಲ್ಲಪ್ಪ. ಮನೆಗೆ ಹೋಗು, ಊಟ ಮಾಡು.”

“ಊಟದ ಮಾತ ಬ್ಯಾಡ್ರಿ. ಈ ಕೆಲಸ ಸಿಕ್ಕಿದ್ರ ನಮ್ಮವ್ವ ಇಟ್ಟಂಗಿ ಹೊರೂದು ತಪ್ಪತಿತ್ತು. ರಾಚವ್ವನ ಮಗ ಕಬಡ್ಡಿ ಆಡಿ ಪಗಾರ ತರ್ತಾನಂತ ಶೆಡ್ಡಿನಾಗ ಎಲ್ಲಾರ್ಗೂ ಹೇಳ್ಯಾಳ. ನಾ ಈಗ ಹೋಗಿ ಏನ್ ಹೇಳ್ಲಿ?” ಅವನ ದನಿ ಏರಿತು. “ನಿಮ್ ಮಗನ ಜಾಗದಾಗ ಇನ್ನೊಬ್ಬಾಂವ ನಿಲ್ಲೂದು ನಿಮಗ ಸೇರವಲ್ದು. ಅಷ್ಟ ಐತಿ. ಬಾಯಿಬಿಟ್ಟು ಹೇಳ್ರಿ ಅದನ್ನ!”

ಸರಸ ಬಾಗಿಲಿಗೆ ಬಂದು ನಿಂತಳು. ನಾನು ಜಗಲಿಯ ಮೇಲೆ ಕುಳಿತುಬಿಟ್ಟೆ. ಹುಡುಗ ಹೇಳಿದ್ದು ಸುಳ್ಳೆಂದು ತೋರಿಸಬೇಕಾದರೆ ನಿಜವನ್ನೇ ಹೇಳಬೇಕಾಗಿತ್ತು. ಹೇಳಿದೆ. ಹಿರಿಯಡ್ಕದ ಹುಡುಗನನ್ನು ಬಿಟ್ಟುಕೊಟ್ಟದ್ದು, ಎರಡು ದಿನ ಮೊದಲೇ ಜ್ವರ ಇದ್ದದ್ದು, ಮಾತ್ರೆ, ತಕ್ಕಡಿ, ನಾನು ಕೈ ಮುಗಿದದ್ದು. ಹೆಂಡತಿಯ ಮುಖ ನೋಡದೆ ಹನುಮೇಶನ ಕಾಲುಗಳನ್ನೇ ನೋಡುತ್ತ ಹೇಳಿದೆ.

“ಅವನ ಹಿಂದೆ ಇನ್ನೊಬ್ಬ ಇದ್ದಿದ್ದರೆ ನಾನು ಅವನನ್ನು ಬೆಂಚಿನಲ್ಲಿ ಕೂರಿಸುತ್ತಿದ್ದೆ. ಇರಲಿಲ್ಲ. ನಿನ್ನ ಹಿಂದೆಯೂ ಯಾರೂ ಇಲ್ಲ ಮಗ. ನೀನು ಬಿದ್ದರೂ ನಿನ್ನನ್ನೇ ಎಬ್ಬಿಸಿ ಕಳಿಸುತ್ತೇವೆ. ಅದಕ್ಕೆ ನಿನ್ನ ಹೆಸರು ಹೊಡೆದು ಹಾಕಿದೆ.”

ಆಮೇಲೆ ಸರಸ ಕೇಳಿದಳು, ಮಾರುಕಟ್ಟೆಯಲ್ಲಿ ಏನನ್ನೋ ವಿಚಾರಿಸುವ ದನಿಯಲ್ಲಿ: “ಮುಳ್ಳು ಎಷ್ಟಕ್ಕೆ ನಿಂತಿತ್ತು?”

“ಐವತ್ತೆಂಟೂವರೆ.”

“ಮೂರು ಕಿಲೋ,” ಎಂದಳು. ಬಾಗಿಲ ಚೌಕಟ್ಟಿಗೆ ಒರಗಿದಳು. “ಹಿಂದಿನ ದಿನವೂ ಗಂಜಿ ಹಾಗೆಯೇ ಬಿಟ್ಟಿದ್ದ. ಆ ಬೆಳಿಗ್ಗೆಯೂ ಬಿಟ್ಟ. ಎರಡು ಸಲವೂ ಬಟ್ಟಲು ಎತ್ತಿದವಳು ನಾನು. ತೂಕಕ್ಕೆ ಬಿಟ್ಟಿದ್ದಾನೆ ಎಂದುಕೊಂಡೆ. ಒಂದು ತುತ್ತು ಉಣ್ಣು ಎಂದು ಸಹ ಹೇಳಲಿಲ್ಲ. ಉಂಡರೆ ತೂಕ ಜಾಸ್ತಿಯಾಗಿ ಹೊರಗೆ ಹಾಕಿದರೆ, ಅಮ್ಮನಿಂದ ಹೀಗಾಯಿತು ಎಂದಾನು ಎಂಬ ಹೆದರಿಕೆ. ಹಣೆ ಮುಟ್ಟಿ ನೋಡಲಿಲ್ಲ.”

“ನೀನು ನನಗೆ ಹೇಳಲೇ ಇಲ್ಲ.”

“ನೀವು ಹೇಳಿದಿರಾ?”

ಹನ್ನೊಂದು ತಿಂಗಳು ಒಂದೇ ಒಲೆಯ ಅನ್ನ ಉಂಡು, ಒಂದೇ ಫೋಟೋಗೆ ದೀಪ ಹಚ್ಚಿದ್ದೆವು. ಅವಳು ಅಳುವಾಗ ನನ್ನಿಂದಾಗಿ ಎಂದು ನಾನು ಮುಖ ತಿರುಗಿಸುತ್ತಿದ್ದೆ. ನಾನು ಮುಖ ತಿರುಗಿಸಿದ್ದನ್ನು ಅವಳು ತನ್ನ ಮೇಲಿನ ಸಿಟ್ಟೆಂದು ತಿಳಿದಿರಬೇಕು ಎಂಬುದು ಆಗ ನನಗೆ ಹೊಳೆಯಿತು.

ಹನುಮೇಶ ತಲೆ ತಗ್ಗಿಸಿ ನಿಂತಿದ್ದ. “ನನಗ ಗೊತ್ತಿರ್ಲಿಲ್ರಿ ಅವ್ವಾರ,” ಎಂದ.

“ಉಂಡು ಎಷ್ಟು ದಿನವಾಯಿತು?” ಎಂದಳು ಸರಸ.

“ಎರಡ ದಿನ ಆತ್ರಿ. ಬರೇ ಚಾ.”

“ಕುಳಿತುಕೋ.”

ಮೀನಿನ ಪಾತ್ರೆಯನ್ನು ಆಚೆ ಸರಿಸಿ, ಗಂಜಿ, ನುಗ್ಗೆಸೊಪ್ಪಿನ ಪಲ್ಯ, ಒಂದು ತುಂಡು ಉಪ್ಪಿನಕಾಯಿ ಬಡಿಸಿದಳು. ಅವನು ಮೊದಲು ಸಂಕೋಚದಿಂದ, ಆಮೇಲೆ ಅವಸರದಿಂದ ಉಂಡ. ಅವಳು ಎರಡನೆಯ ಸಲ ಬಡಿಸಿ, ಯಾಕೋ ತಡೆಯಲಾರದೆ, ಎಡಗೈಯ ಬೆನ್ನಿನಿಂದ ಅವನ ಹಣೆ ಮುಟ್ಟಿ ನೋಡಿದಳು. ಅವನು ತಲೆ ಎತ್ತದೆ ಉಣ್ಣುತ್ತಲೇ ಇದ್ದ. ನಾನು ಎದ್ದು ಅಂಗಳಕ್ಕೆ ಹೋದೆ.

ಮಾರನೆಯ ದಿನ ಪ್ಲಾಂಟಿಗೆ ಹೋಗಿ ಸ್ಟ್ಯಾನಿಸ್ಲಾಸರಿಗೆ ಹನ್ನೊಂದು ಹೆಸರಿನ ಪಟ್ಟಿ ಕೊಟ್ಟೆ.

“ಹನುಮೇಶನನ್ನು ಬಿಡಬೇಡಿ. ಜನವರಿಯ ನಂತರ ಅರವತ್ತೈದು ಕಿಲೋದ ಪಂದ್ಯಾಟಗಳು ಉಂಟಲ್ಲ, ಅಲ್ಲಿ ಆಡಲಿ. ಅಷ್ಟರೊಳಗೆ ಅವನ ಹಿಂದೆ ಇನ್ನೊಬ್ಬನನ್ನು ನಾನು ಹುಡುಕಿ ಕೊಡುತ್ತೇನೆ.”

“ಅಲ್ಲಿಯವರೆಗೆ ಆಡದವನಿಗೆ ಸಂಬಳವಾ?”

“ಮಂಜುಗಡ್ಡೆ ಹೊರಲಿ. ನಿಜವಾಗಿಯೇ ಹೊರಲಿ.”

ವಿಷಯ ಅವರಿಗೆ ಯಾರು ತಿಳಿಸಿದರೋ ಗೊತ್ತಿಲ್ಲ, ಏನೂ ಕೇಳಲಿಲ್ಲ. “ಆಗಲಿ. ಈ ಪ್ಲಾಂಟಿನಲ್ಲಿ ನಿಜವಾಗಿ ಕೆಲಸ ಮಾಡುವವನು ಒಬ್ಬನಾದರೂ ಇರಲಿ,” ಎಂದು ಪಟ್ಟಿಯನ್ನು ಜೇಬಿಗೆ ಹಾಕಿಕೊಂಡರು.

ಕಾರ್ಕಳದಲ್ಲಿ ನಾವು ಮೊದಲ ಪಂದ್ಯದಲ್ಲೇ ಸೋತೆವು. ಇಪ್ಪತ್ತಮೂರು ಅಂಕಗಳ ಸೋಲು. ಗ್ಯಾಲರಿಯವರು ಕೂಗಿ ಹಾಸ್ಯ ಮಾಡಿದರು. ವಿಠಲ ದಾಳಿಗೆ ಹೋದಾಗಲೆಲ್ಲ ಶಿಳ್ಳೆ. ಸ್ಟ್ಯಾನಿಸ್ಲಾಸರು ನನ್ನೊಡನೆ ಮಾತಾಡದೆ ಕಾರು ಹತ್ತಿ ಹೋದರು. ನಾನು ಹುಡುಗರ ಜೊತೆ ಬಸ್ಸಿನಲ್ಲಿ ಬಂದೆ. ಯಾರೂ ನನ್ನ ಪಕ್ಕದ ಸೀಟಿನಲ್ಲಿ ಕುಳಿತುಕೊಳ್ಳಲಿಲ್ಲ.

ಮನೆಗೆ ಬಂದಾಗ ಸರಸ ಜಗಲಿಯಲ್ಲಿ ಕುಳಿತಿದ್ದಳು.

“ಎಂತ ಆಯಿತು?”

“ಸೋತೆವು.”

“ತೂಕಕ್ಕೆ ನಿಲ್ಲುವ ಮೊದಲು ಎಲ್ಲರೂ ಉಂಡಿದ್ದರಾ?”

“ಉಂಡಿದ್ದರು. ನಾನೇ ಕುಳಿತು ಉಣ್ಣಿಸಿದೆ.”

ಅವಳು ಕಣ್ಣೊರಸಿಕೊಂಡಳು. ನಾನು ಮುಖ ತಿರುಗಿಸಲಿಲ್ಲ. ಅವಳ ಪಕ್ಕದಲ್ಲಿ ಕುಳಿತುಕೊಂಡೆ.